ಮರದ ಆಟಿಕೆಯೂ ಮರದ ಅಚ್ಚೂ

೧

ಶೂದ್ರಕನ 'ಮೃಚ್ಛಕಟಿಕ'ವು ತನ್ನ ಹೆಸರನ್ನು ಪಡೆದಿರುವುದು ಒಂದು ಆಟಿಕೆಯಿಂದ. ನೆರೆಮನೆಯ ಮಗುವಿನ ಚಿನ್ನದ ಬಂಡಿಯೊಡನೆ ಆಡಿಬಂದ ರೋಹಸೇನನಿಗೆ ದಾಸಿ ಮಾಡಿಕೊಟ್ಟ ಮಣ್ಣಿನ ಬಂಡಿ ರುಚಿಸುವುದಿಲ್ಲ. ಅವನ ಅಳುವನ್ನು ನೋಡಲಾರದೆ ವಸಂತಸೇನೆ ತನ್ನ ಒಡವೆಗಳನ್ನೇ ಆ ಬಂಡಿಯಲ್ಲಿ ತುಂಬುತ್ತಾಳೆ. ಆ ಒಡವೆಗಳೇ ಮುಂದೆ ನ್ಯಾಯಸಭೆಯಲ್ಲಿ ಚಾರುದತ್ತನಿಗೆ ಪ್ರತಿಕೂಲವಾದ ಸಾಕ್ಷಿಯಾಗುತ್ತವೆ. ಮಗುವಿನ ಕೈಯ ವಸ್ತುವೆಂದು ಹಿರಿಯರು ಕಡೆಗಣಿಸುವ ಒಂದು ಸಣ್ಣ ಬಂಡಿಯ ಸುತ್ತ ಹತ್ತು ಅಂಕಗಳ ನಾಟಕವನ್ನು ಹೆಣೆಯಬಹುದೆಂದು ಶೂದ್ರಕನು ಬಲ್ಲನು. ಸಾಹಿತ್ಯವು ಆಟಿಕೆಗೆ ಇಷ್ಟು ಹಿಂದೆಯೇ ಸಲ್ಲಿಸಿದ ಈ ಗೌರವವನ್ನು ಚಿತ್ರಕಲೆಯು, ಅದರಲ್ಲಿಯೂ ಮುದ್ರಾಚಿತ್ರದ ಕಲೆಯು, ಎಷ್ಟರಮಟ್ಟಿಗೆ ಸಲ್ಲಿಸಿದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಮಣ್ಣಿನ ಬಂಡಿ ಒಂದು ಮಳೆಗೆ ಕರಗುತ್ತದೆ. ಮರದ ಬಂಡಿ ಒಂದೆರಡು ತಲೆಮಾರು ಬಾಳುತ್ತದೆ. ಆಮೇಲೆ ಅದೂ ಒಲೆಗೆ ಇಲ್ಲವೆ ಗೆದ್ದಲಿಗೆ ಸಲ್ಲುತ್ತದೆ. ಪುಣೆಯಿಂದ ದಕ್ಷಿಣಕ್ಕೆ, ನೀರಾ ನದಿಯ ದಡದಲ್ಲಿರುವ ಭೋರ್ ಪಟ್ಟಣವನ್ನು ದೃಷ್ಟಾಂತವಾಗಿ ಕಾಣಬಹುದು. ೧೯೪೮ರಲ್ಲಿ ವಿಲೀನವಾಗುವವರೆಗೆ ಅದು ಪಂತ ಸಚಿವರ ಸಂಸ್ಥಾನದ ರಾಜಧಾನಿ. ಅಲ್ಲಿಯ ರಾಜವಾಡೆ ಇಂದಿಗೂ ನಿಂತಿದೆ; ನೋಡುವವರಿಗೆ ಅದರ ಮರಗೆಲಸದ ಹಿರಿಮೆ ಕಣ್ಣಿಗೆ ಕಾಣುತ್ತದೆ. ಆದರೆ ಅಂಥ ಕಂಬ ತೊಲೆಗಳನ್ನು ಕೆತ್ತಿದ ಬಡಗಿಗಳ ಕುಲದವರೇ ಸುತ್ತಲಿನ ಸೀಮೆಯಲ್ಲಿ, ಉಳಿದ ತುಂಡುಗಳಿಂದ, ಮನೆಯ ಮಕ್ಕಳಿಗೆ ಬುಗುರಿಯನ್ನೂ ಚಿಣ್ಣಿದಾಂಡನ್ನೂ ಮಾಡಿಕೊಡುತ್ತಿದ್ದರು. ನಡೆಯಲು ಕಲಿಯುವ ಕೂಸಿಗೆ ಮೂರು ಗಾಲಿಯ ತಳ್ಳುಬಂಡಿಯನ್ನು ಮಾಡಿಕೊಡುತ್ತಿದ್ದರು. ಈ ತಳ್ಳುಬಂಡಿಗೆ ಮರಾಠಿಯಲ್ಲಿ 'ಪಾಂಗುಳಗಾಡಾ' ಎಂದು ಹೆಸರು. ಅರಮನೆಗೆ ಚರಿತ್ರೆಯುಂಟು, ಪಾಂಗುಳಗಾಡಕ್ಕೆ ಇಲ್ಲ. ಅದನ್ನು ಹಿಡಿದು ಹೆಜ್ಜೆಯಿಟ್ಟವರು ಬೆಳೆದು, ಮುಪ್ಪಾಗಿ, ತೀರಿಕೊಂಡ ಮೇಲೆ ಅದರ ಗುರುತು ಹೇಳುವವರೂ ಇಲ್ಲ.

ಇಂಥ ವಸ್ತುಗಳನ್ನು ಉಳಿಸಿದವರು ಬಹುಮಟ್ಟಿಗೆ ಸಂಸ್ಥೆಗಳಲ್ಲ, ಕುಟುಂಬಗಳು. ಪುಣೆ ನಗರದಲ್ಲಿರುವ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವು ಇದಕ್ಕೆ ಸಾಕ್ಷಿ. 'ಅಜ್ಞಾತವಾಸಿ' ಎಂಬ ಹೆಸರಿನಿಂದ ಕವಿತೆ ಬರೆದ ದಿನಕರ ಕೇಳಕರರು (೧೮೯೬–೧೯೯೦) ತಮ್ಮ ಪತ್ನಿ ಕಮಲಾಬಾಯಿಯವರೊಡನೆ ಊರೂರು ತಿರುಗಿ ದೀಪ, ಅಡಕೊತ್ತು, ಮಸಿಕುಡಿಕೆ, ವಾದ್ಯ, ಬಾಗಿಲುವಾಡ, ಆಟದ ಸಾಮಾನು ಇವೇ ಮೊದಲಾದ ನಿತ್ಯೋಪಯೋಗದ ವಸ್ತುಗಳನ್ನು ಕೂಡಿಸಿದರು. ಸಂಗ್ರಹದ ಹೆಸರಿನಲ್ಲಿರುವ 'ರಾಜಾ' ಎಂಬುದು ಯಾವ ಅರಸನ ಬಿರುದೂ ಅಲ್ಲ. ಎಳವೆಯಲ್ಲಿಯೇ ತೀರಿಕೊಂಡ ಅವರ ಮಗನ ಹೆಸರು. ದೇಶದ ಹಿರಿಯ ಸಂಗ್ರಹಗಳಲ್ಲೊಂದು ಒಂದು ಮಗುವಿನ ನೆನಪಿನಲ್ಲಿ ನಿಂತಿದೆಯೆಂಬುದನ್ನು ನೆನೆದರೆ, ಆಟಿಕೆಯ ವಿಚಾರವನ್ನು ಹಗುರವಾಗಿ ನೋಡಲಾಗದು.

೨

ಆಟಿಕೆಯನ್ನು ಉಳಿಸುವುದು ಒಂದು ಕೆಲಸ. ಅದನ್ನು ಕೊಂಡಾಡುವುದು ಇನ್ನೊಂದು. ಗಾಜಿನ ಕಪಾಟು ಮೊದಲನೆಯದನ್ನು ಮಾಡಬಲ್ಲದು. ಎರಡನೆಯದಕ್ಕೆ ಒಬ್ಬ ಕಲಾವಿದನ ಕೈ ಬೇಕು. ಹಲವು ಕಲೆಗಳ ನಡುವೆ ಮರದಚ್ಚಿನ ಮುದ್ರಣವು ಈ ಕಾರ್ಯಕ್ಕೆ ವಿಶೇಷವಾಗಿ ಯೋಗ್ಯವಾದುದೇಕೆ ಎಂಬುದನ್ನು ಎರಡು ಕಸುಬುಗಳ ಕ್ರಮವನ್ನು ನೋಡಿ ತಿಳಿಯಬೇಕು.

ಚನ್ನಪಟ್ಟಣದ ಆಟಿಕೆ ತಿರುಗಣೆಯ ಮೇಲೆ ಹುಟ್ಟುತ್ತದೆ. ಬೆಳ್ಳನೆಯ, ನವುರಾದ ಎಳೆಯ ಆಲೆ ಮರದ ತುಂಡನ್ನು ಒಣಗಿಸಿ, ತಿರುಗಣೆಗೆ ಸಿಕ್ಕಿಸಿ, ಉಳಿಯಿಂದ ಕಡೆಯುತ್ತಾರೆ. ಮರ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಇಲ್ಲಿ ಬಣ್ಣವನ್ನು ಬಳಿಯುವುದೆಂಬುದೇ ಇಲ್ಲ. ಆಕಾರವೂ ಬಣ್ಣವೂ ಒಂದೇ ಸುತ್ತಿನಲ್ಲಿ ಬರುತ್ತವೆ. ಆದುದರಿಂದ ಚನ್ನಪಟ್ಟಣದ ಗೊಂಬೆಯಲ್ಲಿ ಮೂಗು ತುಟಿಗಳ ಕೊರೆತ ಕಡಮೆ. ಉರುಟು, ಬಳೆ, ಪಟ್ಟೆ ಇವೇ ಅದರ ಭಾಷೆ.

ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರ ಪದ್ಧತಿ ಇದಕ್ಕೆ ತೀರ ಬೇರೆ. ಹಗುರವಾದ ಪೊಳಕಿ ಮರದ ಬಿಡಿ ಅಂಗಗಳನ್ನು ಹುಣಿಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಅಂಟಿನೊಡನೆ ಕಲಸಿದ 'ಕಿಟ್ಟ'ದಿಂದ ಸಂದುಗಳನ್ನು ತುಂಬಿ ಮೈಯನ್ನು ಹದಗೊಳಿಸುತ್ತಾರೆ. ಕಲ್ಲುಪುಡಿಯ ಸರಿಯಿಂದ ಒಡವೆಗಳನ್ನು ಉಬ್ಬಾಗಿ ಎತ್ತುತ್ತಾರೆ. ಕೊನೆಗೆ ಕುಂಚದಿಂದ ಬಣ್ಣ. ಇಲ್ಲಿ ಮರವು ಅಸ್ಥಿ, ಕಿಟ್ಟವು ಮಾಂಸ, ಬಣ್ಣವು ಚರ್ಮ. ಗರುಡನ ರೆಕ್ಕೆಯೂ ಕಾಮಧೇನುವಿನ ಮುಖವೂ ಕಿನ್ನಾಳದಲ್ಲಿ ಸಾಧ್ಯವಾಗುವುದು ಈ ಕ್ರಮದಿಂದಲೇ.

ಇನ್ನು ಮರದಚ್ಚು. ಜಪಾನಿನ ಬಣ್ಣದ ಮುದ್ರಾಚಿತ್ರದಲ್ಲಿ ಕಾಡುಚೆರಿಯ ಹಲಗೆಯನ್ನು ಕೊರೆದು ಗೆರೆಗೊಂದು, ಬಣ್ಣ ಬಣ್ಣಕ್ಕೊಂದು ಅಚ್ಚನ್ನು ಮಾಡುತ್ತಾರೆ. ಹಾಳೆ ಎಲ್ಲ ಅಚ್ಚುಗಳ ಮೇಲೂ ಒಂದೇ ನೆಲೆಯಲ್ಲಿ ಕೂಡುವಂತೆ ಅಂಚಿನಲ್ಲಿ ಗುರುತುಗಳನ್ನು ಬಿಡುತ್ತಾರೆ. ಒತ್ತುವುದಕ್ಕೆ ಯಂತ್ರವಿಲ್ಲ, ಬಿದಿರ ಪೊರೆಯ ಹೊದಿಕೆಯುಳ್ಳ ಉಜ್ಜುಬಿಲ್ಲೆಯನ್ನು ಹಿಡಿದ ಕೈಯೇ ಯಂತ್ರ. ಇಲ್ಲಿಯೂ ಮರ, ಇಲ್ಲಿಯೂ ಉಳಿ, ಇಲ್ಲಿಯೂ ಒಂದೇ ರೂಪವನ್ನು ಮತ್ತೆ ಮತ್ತೆ ತೆಗೆಯುವ ಅಭ್ಯಾಸ. ಆಟಿಕೆಯವನಾಗಲಿ ಅಚ್ಚಿನವನಾಗಲಿ ಒಂದೇ ಒಂದು ವಸ್ತುವನ್ನು ಮಾಡಿ ಸುಮ್ಮನಾಗುವವನಲ್ಲ; ಇಬ್ಬರೂ ನೂರು ಮಾಡುವವರು, ಇಬ್ಬರೂ ಸಂತೆಗೆ ಹೋಗುವವರು. ಬೇಡದ ಗೆರೆಯನ್ನು ಬಿಡುವ ವಿವೇಕ ಇಬ್ಬರಿಗೂ ಕಸುಬೇ ಕಲಿಸಿದ್ದು. ಈ ಸಾಜಾತ್ಯವೇ ಮರದ ಆಟಿಕೆಯನ್ನು ಮರದ ಅಚ್ಚಿನಲ್ಲಿ ಚಿತ್ರಿಸುವುದರ ಔಚಿತ್ಯ. ತೈಲಚಿತ್ರದಲ್ಲಿ ಆಟಿಕೆ ಬಂದಾಗ ಅದು ಸಾಮಾನ್ಯವಾಗಿ ಮಗುವಿನ ಭಾವಚಿತ್ರದ ಮೂಲೆಯ ಅಲಂಕಾರವಾಗುತ್ತದೆ; ಮರದಚ್ಚಿನಲ್ಲಿ ಅದು ತನ್ನ ಸ್ವಂತ ಬಂಧುವಿನ ಮನೆಗೆ ಬಂದಂತೆ.

೩

ಈ ಔಚಿತ್ಯವು ಪೂರ್ಣವಾಗಿ ಸಿದ್ಧಿಸಿದ ಕೃತಿಯೊಂದಿದೆ. ಟೋಕಿಯೋದ ಶಿಮಿಜು ಸೇಫೂ (೧೮೫೧–೧೯೧೩) ಎಂಬಾತನು ರಚಿಸಿದ 'ಉನಾಯಿ ನೊ ತೊಮೊ' ಎಂಬ ಬಣ್ಣದ ಮರದಚ್ಚಿನ ಗ್ರಂಥಮಾಲೆಯೇ ಅದು. ಹೆಸರಿನ ಅರ್ಥ 'ಕೂಸುಗಳ ಗೆಳೆಯ'. ಮೊದಲ ಸಂಪುಟ ಹೊರಬಂದುದು ೧೮೯೧ರಲ್ಲಿ. ಸೇಫೂ ಆರು ಸಂಪುಟಗಳನ್ನು ಮಾಡಿ ತೀರಿಕೊಂಡನು. ಉಳಿದ ನಾಲ್ಕನ್ನು ನಿಶಿಜಾವಾ ತೆಕಿಹೋ (೧೮೮೯–೧೯೬೫) ಮುಂದುವರಿಸಿ ೧೯೨೪ರ ಹೊತ್ತಿಗೆ ಹತ್ತಕ್ಕೆ ಮುಗಿಸಿದನು. ಇಬ್ಬರೂ ಚಿತ್ರಕಾರರು, ಇಬ್ಬರೂ ಸಂಗ್ರಾಹಕರು. ಕಾಲವನ್ನು ಗಮನಿಸಬೇಕು. ೧೮೬೮ರ ಮೇಜಿ ಪರಿವರ್ತನೆಯ ತರುವಾಯ ಜಪಾನು ಪಶ್ಚಿಮದ ಸಾಮಗ್ರಿಗೆ ಬಾಗಿಲು ತೆರೆದಿತ್ತು. ತಗಡಿನ ಆಟಿಕೆ ಪೇಟೆಗೆ ಬರುತ್ತಿತ್ತು. ಊರೂರಿನ ದೇವಾಲಯದ ಜಾತ್ರೆಗಳಲ್ಲಿ ಮಾರುತ್ತಿದ್ದ ಮರದ, ಮಣ್ಣಿನ, ಕಾಗದದ ಆಟಿಕೆಗಳು ಹಿಂದೆ ಸರಿಯುತ್ತಿದ್ದವು. ಸೇಫೂ ಮತ್ತು ಅವನ ಗೆಳೆಯರು ಕೂಟ ಸೇರಿ, ತಾವು ತಂದ ಆಟಿಕೆಗಳನ್ನು ಒಬ್ಬರಿಗೊಬ್ಬರು ತೋರಿಸಿ ಸಂತೋಷಪಡುತ್ತಿದ್ದರು. ಗ್ರಂಥದ ಮೂಲದಲ್ಲಿರುವುದು ಈ ಗೆಳೆತನ.

ಬೃಹದಾರಣ್ಯಕೋಪನಿಷತ್ತು ಜಗತ್ತನ್ನು ನಾಮ, ರೂಪ, ಕರ್ಮ ಎಂಬ ಮೂರರಲ್ಲಿ ಅಡಗಿಸುತ್ತದೆ. ಆಟಿಕೆಯ ಚಿತ್ರವನ್ನು ವಿಮರ್ಶಿಸುವುದಕ್ಕೆ ಈ ವಿಭಾಗ ಅನುಕೂಲವಾಗಿದೆ.

ರೂಪದ ವಿಷಯದಲ್ಲಿ ಸೇಫೂವಿನ ಗೆಲವು ನಿಸ್ಸಂದೇಹವಾದುದು. ಹಾಳೆಯ ಮೇಲೆ ಹಿನ್ನೆಲೆಯಿಲ್ಲ, ನೆರಳಿಲ್ಲ, ಮೇಜಿಲ್ಲ, ಮಗುವಿಲ್ಲ. ಬರಿಯ ಕಾಗದದ ಬಯಲಿನಲ್ಲಿ ಮರದ ಕುದುರೆ ನಿಂತಿದೆ. ಗಾಲಿಯ ಮೇಲಿನ ಹಕ್ಕಿ ನಿಂತಿದೆ. ಈಶಾನ್ಯ ಪ್ರಾಂತದ ಬಿಸಿನೀರ ಬುಗ್ಗೆಗಳ ಊರಿನಲ್ಲಿ ತಿರುಗಣೆಗಾರರು ಕಡೆದ ಕೊಕೆಶಿ, ಎಂದರೆ ಕೈಕಾಲಿಲ್ಲದ ಹುಡುಗಿಯ ಗೊಂಬೆ, ನಿಂತಿದೆ. ಆಟಿಕೆಯನ್ನು ಮಾಡಿದವನು ಎಷ್ಟು ಬಿಟ್ಟಿದ್ದಾನೋ ಚಿತ್ರಕಾರನೂ ಅಷ್ಟನ್ನೇ ಬಿಟ್ಟಿದ್ದಾನೆ. ಕುದುರೆಯ ಕತ್ತು ನಿಜವಾದ ಕುದುರೆಯ ಕತ್ತಿನಂತಿಲ್ಲವೆಂದು ತಿದ್ದುವ ಚಪಲ ಅವನಿಗಿಲ್ಲ. ಅಭ್ಯಾಸಿಯಾದ ಚಿತ್ರಕಾರನಿಗೆ ಇದು ಸುಲಭವಾದ ಸಂಯಮವಲ್ಲ.

ನಾಮದ ವಿಷಯದಲ್ಲಿಯೂ ಗ್ರಂಥ ಮೆಚ್ಚತಕ್ಕದ್ದು. ಚಿತ್ರದ ಬದಿಯಲ್ಲಿ ಆಟಿಕೆ ಯಾವ ಊರಿನದು, ಯಾವ ಪ್ರಾಂತದ್ದು ಎಂಬ ಬರವಣಿಗೆಯಿದೆ. ಇದರಿಂದ ಆಟಿಕೆಗೆ ನೆಲೆ ಬರುತ್ತದೆ. ಹತ್ತು ಸಂಪುಟಗಳನ್ನು ತಿರುವಿದವನು ದೇಶವನ್ನೇ ಸುತ್ತಿದಂತಾಗುತ್ತದೆ. ಆದರೆ ಊರಿಗೆ ದೊರೆತ ಈ ಗೌರವ ಮಾಡಿದವನಿಗೆ ದೊರೆತಿಲ್ಲವೆಂಬುದನ್ನೂ ಹೇಳಬೇಕು. ಸಂಗ್ರಾಹಕನ ಹೆಸರು ಮುಖಪುಟದಲ್ಲಿದೆ. ತಿರುಗಣೆಯವನ ಹೆಸರು ಕಾಗದದ ಬಿಳುಪಿನಲ್ಲಿ ಅಡಗಿಹೋಗಿದೆ. ಜಾನಪದ ವಸ್ತುವೆಂದರೆ ಕರ್ತೃವಿಲ್ಲದ ವಸ್ತುವೆಂಬ ನಂಬಿಕೆ ಜಪಾನಿಗೆ ಮಾತ್ರ ಸೇರಿದುದಲ್ಲ. ಆದರೂ ನಂಬಿಕೆ ವ್ಯಾಪಕವೆಂದ ಮಾತ್ರಕ್ಕೆ ನ್ಯಾಯವಾಗದು.

ಕರ್ಮದ ವಿಷಯದಲ್ಲಿ ಮುದ್ರಾಚಿತ್ರ ಸೋಲುತ್ತದೆ, ಅದು ಸೋಲಲೇಬೇಕು. ನಾರುಕೋ ಎಂಬ ಊರಿನ ಕೊಕೆಶಿಯ ತಲೆಯನ್ನು ತಿರುಗಿಸಿದರೆ ಕಿರ್ರೆಂದು ಸದ್ದಾಗುತ್ತದೆ. ಮಗುವಿಗೆ ಆ ಗೊಂಬೆ ಪ್ರಿಯವಾದುದು ಆ ಸದ್ದಿನಿಂದ. ಅದು ಹಾಳೆಯ ಮೇಲೆ ಬರಲಾರದು. ಬುಗುರಿಯ ಸತ್ವವೆಲ್ಲ ತಿರುಗುವುದರಲ್ಲಿದೆ. ಚಿತ್ರದ ಬುಗುರಿ ಎಂದೆಂದಿಗೂ ಒರಗಿ ಮಲಗಿರುತ್ತದೆ. ಗಾತ್ರವೂ ಹಾಗೆಯೇ: ಅಂಗೈಯೊಳಗಿನ ನಾಯಿಯೂ ಮೊಳದುದ್ದದ ಕುದುರೆಯೂ ಹಾಳೆಯಲ್ಲಿ ಸರಿಸಮ. ಸೇಫೂ ಈ ಸೋಲನ್ನು ಮರೆಸುವ ಯತ್ನ ಮಾಡಲಿಲ್ಲವೆಂಬುದೇ ಅವನ ಪ್ರಾಮಾಣಿಕತೆ. ಹಾರುವ ಗೆರೆಗಳನ್ನೆಳೆದು ಚಲನೆಯ ಭ್ರಮೆ ಹುಟ್ಟಿಸಲು ಅವನು ಹೋಗಲಿಲ್ಲ.

ಇಷ್ಟನ್ನು ಕಳೆದೂ ಆ ಗ್ರಂಥದಿಂದ ಬಂದ ಲಾಭವೇನೆಂಬುದನ್ನು ಕಾಲವೇ ಹೇಳಿತು. ೧೯೨೩ರ ಸೆಪ್ಟೆಂಬರ್ ತಿಂಗಳಲ್ಲಿ ಟೋಕಿಯೋ ಸೀಮೆಯನ್ನು ಭೂಕಂಪವೂ ಬೆಂಕಿಯೂ ಹಾಳುಮಾಡಿದವು. ಅದೇ ಬಳಗದ ಅವಾಶಿಮಾ ಕಂಗೆತ್ಸು (೧೮೫೯–೧೯೨೬) ಬಾಳೆಲ್ಲ ಕೂಡಿಸಿದ ಆಟಿಕೆಗಳು ಮನೆಯೊಡನೆ ಸುಟ್ಟುಹೋದವು. ಮರ ಬೂದಿಯಾಯಿತು. ಹಲವು ಪ್ರತಿಗಳಾಗಿ ಹಲವು ಮನೆಗಳಿಗೆ ಹಂಚಿಹೋಗಿದ್ದ ಕಾಗದ ಉಳಿಯಿತು. ಒಂದೇ ಕಡೆ ಕೂಡಿಟ್ಟದ್ದು ಒಂದೇ ದಿನದಲ್ಲಿ ಹೋಗಬಲ್ಲದು. ಅಚ್ಚು ಮಾಡಿ ಹಂಚಿದ್ದು ಹಾಗೆ ಹೋಗುವುದಿಲ್ಲ. ಮುದ್ರಾಚಿತ್ರವು ಆಟಿಕೆಗೆ ಮಾಡುವ ದೊಡ್ಡ ಉಪಕಾರ ಇದೇ.

೪

ಭಾರತದಲ್ಲಿ ಆಟಿಕೆಯ ಅಧ್ಯಯನ ಸ್ವಾತಂತ್ರ್ಯದ ಅನಂತರ ಚುರುಕಾಯಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೫೨ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯ ಮುಂದಾಳುಗಳಾಗಿ ಆಟಿಕೆಯ ಕಸುಬುಗಳತ್ತ ಸರಕಾರದ ಗಮನ ಸೆಳೆದರು. ಕಮಲಾ ಡೊಂಗರಕೇರಿಯವರ 'ಎ ಜರ್ನಿ ಥ್ರೂ ಟಾಯ್‌ಲ್ಯಾಂಡ್' ೧೯೫೪ರಲ್ಲಿ ಮುಂಬಯಿಯಿಂದಲೂ, ಅಜಿತ್ ಮುಖರ್ಜಿಯವರ 'ಫೋಕ್ ಟಾಯ್ಸ್ ಆಫ್ ಇಂಡಿಯಾ' ೧೯೫೬ರಲ್ಲಿ ಕಲಕತ್ತೆಯಿಂದಲೂ ಹೊರಬಂದವು. ಇವು ವಿದ್ವತ್ತಿನ, ಪರಿಚಯದ ಗ್ರಂಥಗಳು. ಇವುಗಳ ಮೂಲಕ ಆಟಿಕೆ ವಿಷಯವಾಯಿತು. ಆದರೆ ಅಚ್ಚಿನವನ ಕೈಯಲ್ಲಿ ಅದು ಕೃತಿಯಾಗುವುದು ಬೇರೆ ಮಾತು.

ಆ ದಾರಿಯಲ್ಲಿ ಎರಡು ಗುರುತುಗಳನ್ನು ಹೆಸರಿಸಬಹುದು. ರವೀಂದ್ರರ ಬಂಗಾಳಿ ಬಾಲಪಾಠವಾದ 'ಸಹಜ ಪಾಠ'ಕ್ಕೆ (೧೯೩೦) ನಂದಲಾಲ ಬೋಸರು ಲಿನೋಲಿಯಮ್ ಹಾಳೆಯನ್ನು ಕೊರೆದು ಮಾಡಿದ ಚಿತ್ರಗಳು ಆಟಿಕೆಯ ಚಿತ್ರಗಳಲ್ಲ; ಆದರೂ ಕಪ್ಪು ಬಿಳುಪಿನ ಅವುಗಳ ದಿಟ್ಟ ಮಿತವ್ಯಯದಲ್ಲಿ ಹಳ್ಳಿಯ ಆಟಿಕೆಗಾರನ ಬುದ್ಧಿಯೇ ಕೆಲಸ ಮಾಡಿದೆ. ಮಗುವಿನ ಕೈಗೆ ಕೊಡುವ ವಸ್ತು ಸರಳವೂ ಗಟ್ಟಿಯೂ ಆಗಿರಬೇಕೆಂಬ ನಿಯಮ ಅಕ್ಷರಕ್ಕೂ ಗೊಂಬೆಗೂ ಒಂದೇ. ಎರಡನೆಯವರು ಶಾಂತಿನಿಕೇತನದಲ್ಲಿ ಕಲಿತ ಕೆ. ಜಿ. ಸುಬ್ರಹ್ಮಣ್ಯನ್ (೧೯೨೪–೨೦೧೬). ೧೯೬೦ರ ದಶಕದಲ್ಲಿ ಬರೋಡೆಯ ಕಲಾಶಾಲೆಯ ಮೇಳಗಳಿಗಾಗಿ ಅವರು ಮರದ ತುಂಡು, ಮಣಿ, ತೊಗಲುಗಳಿಂದ ಆಟಿಕೆಗಳನ್ನು ಮಾಡಿದರು. ಅದೇ ಕೈಯಿಂದ ಮುದ್ರಾಚಿತ್ರಗಳನ್ನೂ ಮಕ್ಕಳ ಪುಸ್ತಕಗಳನ್ನೂ ಮಾಡಿದರು. ಆಟಿಕೆಯನ್ನು ಹೊರಗೆ ನಿಂತು ನೋಡಿ ಚಿತ್ರಿಸುವುದಕ್ಕಿಂತ, ಅದನ್ನು ಮಾಡಿ ನೋಡಿದವನು ಚಿತ್ರಿಸುವುದು ಮೇಲು ಎಂಬುದನ್ನು ಅವರ ಉದಾಹರಣೆ ತೋರಿಸುತ್ತದೆ.

ಛಾಯಾಚಿತ್ರವಿರುವಾಗ ಅಚ್ಚೇಕೆ ಎಂಬ ಆಕ್ಷೇಪ ಬರಬಹುದು. ದಾಖಲೆಯ ದೃಷ್ಟಿಯಿಂದ ಛಾಯಾಚಿತ್ರವೇ ಹೆಚ್ಚು. ಸವೆತ, ಬಿರುಕು, ಬಣ್ಣ ಮಾಸಿದುದು ಎಲ್ಲವನ್ನೂ ಅದು ತೋರಿಸುತ್ತದೆ. ಆದರೆ ಅದು ಎಲ್ಲವನ್ನೂ ಒಂದೇ ತೂಕದಲ್ಲಿ ತೋರಿಸುತ್ತದೆ. ಅಚ್ಚಿನವನು ಇದು ಮುಖ್ಯ, ಇದು ಅಲ್ಲ ಎಂದು ಪ್ರತಿಯೊಂದು ಗೆರೆಯಲ್ಲಿಯೂ ನಿರ್ಣಯಿಸಬೇಕಾಗುತ್ತದೆ. ಆ ನಿರ್ಣಯವೇ ವಿಮರ್ಶೆ. ಕೊಂಡಾಟವೆಂಬುದು ಹುಟ್ಟುವುದೂ ಅಲ್ಲಿಯೇ.

೫

ಇನ್ನು ಈ ವಿಚಾರ ಕನ್ನಡದ ಮನೆಗೆ ಬರಬೇಕು. ಕುಟುಂಬದ ಮರದ ಗೊಂಬೆಗಳ ಸಂಗ್ರಹವೆಂಬುದು ಕನ್ನಡಿಗರಿಗೆ ಹೊಸದಲ್ಲ. ಮೈಸೂರು ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಗೊಂಬೆಪೆಟ್ಟಿಗೆಯೇ ಆ ಸಂಗ್ರಹ. ಅದರ ಹಿರಿಯ ಜೋಡಿ ಪಟ್ಟದ ಗೊಂಬೆ. ಮಗಳ ಮದುವೆಯಲ್ಲಿ ತವರಿನವರು ಕೊಟ್ಟದ್ದು, ಆಕೆ ತನ್ನ ಮಗಳಿಗೆ ಕೊಡುವುದು. ನವರಾತ್ರಿಯಲ್ಲಿ ಹೊಸ ಬಟ್ಟೆ ಉಡಿಸಿ ಮೇಲಿನ ಮೆಟ್ಟಿಲಲ್ಲಿ ಕೂರಿಸಿದ ಆ ರಾಜ ರಾಣಿಯರ ಕೆಳಗೆ ಚನ್ನಪಟ್ಟಣದ ಅರಗಿನ ಸಾಮಾನು, ಜಾತ್ರೆಯಲ್ಲಿ ಕೊಂಡ ಬಂಡಿ, ಯಾರೋ ಬಂಧುಗಳು ತಂದ ಗೊಂಬೆ ಸಾಲಾಗುತ್ತವೆ. ಹತ್ತನೆಯ ದಿನ ಕಳೆದರೆ ಮತ್ತೆ ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ.

ಈ ಪೆಟ್ಟಿಗೆಗೂ ಸೇಫೂವಿನ ಸಂಗ್ರಹಕ್ಕೂ ಒಂದು ಭೇದವಿದೆ. ಅವನದು ಊರೂರಿನಿಂದ ಆರಿಸಿ ತಂದದ್ದು. ಇದು ಬಂದು ಸೇರಿದ್ದು. ಅವನ ಆಟಿಕೆಯ ಪಕ್ಕದಲ್ಲಿ ಊರಿನ ಹೆಸರಿದ್ದರೆ ಸಾಕು. ಇಲ್ಲಿಯ ಗೊಂಬೆಗೆ ಊರಿನ ಹೆಸರಿನೊಡನೆ ಅಜ್ಜಿಯ ಹೆಸರೂ ಬೇಕು. ಯಾವ ಮದುವೆಯಲ್ಲಿ ಬಂತು, ಯಾರು ಕೈ ಮುರಿದರು, ಯಾರು ಅಂಟಿಸಿದರು ಎಂಬುದೂ ಬೇಕು. ಗೊಂಬೆಯ ನಾಮವೆಂಬುದು ಇಲ್ಲಿ ಬಾಯಿಮಾತಿನಲ್ಲಿದೆ. ವರ್ಷಕ್ಕೊಮ್ಮೆ ಮೆಟ್ಟಿಲು ಜೋಡಿಸುವಾಗ ಹಿರಿಯಳು ಕಿರಿಯಳಿಗೆ ಹೇಳುವ ಮಾತು ಅದು. ಕನ್ನಡನಾಡಿನಿಂದ ಹೊರಗೆ, ಪುಣೆ ಮುಂಬಯಿಗಳ ಇಕ್ಕಟ್ಟಾದ ಮನೆಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಅಟ್ಟವೇ ಇಲ್ಲದಾಗ ಪೆಟ್ಟಿಗೆ ಊರಿನಲ್ಲಿಯೇ ಉಳಿಯುತ್ತದೆ. ಹೇಳುವವರು ಒಂದು ಕಡೆ, ಗೊಂಬೆ ಒಂದು ಕಡೆ. ಗೊಂಬೆ ಉಳಿದರೂ ಅದರ ನಾಮ ಹೋಗುತ್ತದೆ. ನಾಮ ಹೋದ ಗೊಂಬೆಯನ್ನು ಮಾರುವುದಕ್ಕೆ ಯಾರಿಗೂ ಸಂಕೋಚವಿರದು.

ಸೇಫೂವಿನ ಗ್ರಂಥದ ಹರಹಿನ ಮುದ್ರಾಚಿತ್ರಮಾಲೆ ಕನ್ನಡದ ಗೊಂಬೆಗಳಿಗೆ ದೊರೆತಿಲ್ಲ. ಮುಂದೆ ದೊರೆಯುವುದಾದರೆ ಅದು ಜಪಾನಿನ ಅನುಕರಣವಾಗಬಾರದು. ಅಂಥ ಕೃತಿಯಿಂದ ಅಪೇಕ್ಷಿಸಬಹುದಾದ ಗುಣಗಳನ್ನು ಮೇಲಿನ ವಿಮರ್ಶೆಯೇ ಸೂಚಿಸುತ್ತದೆ. ರೂಪದಲ್ಲಿ ಅದು ಕಸುಬಿನ ಭೇದವನ್ನು ಕಾಣಬೇಕು: ಚನ್ನಪಟ್ಟಣದ ಗೊಂಬೆಗೆ ಮಿದುವಾದ ಸುತ್ತುಗೆರೆಯೂ ತುಂಬಿದ ಬಣ್ಣವೂ ಸಲ್ಲುವಂತೆ, ಕಿನ್ನಾಳದ ಗರುಡನಿಗೆ ಒಡವೆಯ ಉಬ್ಬನ್ನು ಸೂಚಿಸುವ ಒತ್ತಾದ ಗೆರೆ ಸಲ್ಲಬೇಕು. ಎರಡನ್ನೂ ಒಂದೇ ಬಗೆಯ ಅಚ್ಚಿನಲ್ಲಿ ತೆಗೆದರೆ ಎರಡಕ್ಕೂ ಅನ್ಯಾಯ. ನಾಮದಲ್ಲಿ ಅದು ಊರಿನೊಡನೆ ಮಾಡಿದವರನ್ನೂ ಕೊಟ್ಟವರನ್ನೂ ನೆನೆಯಬೇಕು. ಕರ್ಮದಲ್ಲಿ ಅದು ತನ್ನ ಮಿತಿಯನ್ನು ಒಪ್ಪಿಕೊಳ್ಳಬೇಕು. ಆದರೆ ಸವೆತವನ್ನಾದರೂ ಅದು ಮುಚ್ಚದಿರಲಿ. ಮೂಗು ಮಾಸಿದ ರಾಣಿ, ಒಂದು ಗಾಲಿ ಹೋದ ಬಂಡಿ, ಹಲ್ಲಿನ ಗುರುತಿರುವ ಗಿಲಕಿ—ಮಗು ಆಡಿತೆಂಬುದಕ್ಕೆ ಚಿತ್ರವು ಕೊಡಬಲ್ಲ ಪುರಾವೆ ಅದೊಂದೇ. ಹೊಸದಾಗಿ ಹೊಳೆಯುವ ಆಟಿಕೆಯ ಚಿತ್ರ ಅಂಗಡಿಯ ಚಿತ್ರ. ಸವೆದ ಆಟಿಕೆಯ ಚಿತ್ರ ಮನೆಯ ಚಿತ್ರ.

ರೋಹಸೇನನ ಬಂಡಿ ಯಾವ ಸಂಗ್ರಹದಲ್ಲಿಯೂ ಇಲ್ಲ. ಅದು ಮಣ್ಣಿನದೆಂಬುದು, ಅದನ್ನು ನೋಡಿ ಒಂದು ಮಗು ಅತ್ತಿತೆಂಬುದು, ಒಬ್ಬ ಹೆಣ್ಣಿನ ಮನಸ್ಸು ಕರಗಿತೆಂಬುದು ಮಾತ್ರ ಉಳಿದಿದೆ. ಶೂದ್ರಕನು ಬಂಡಿಯ ಅಳತೆಯನ್ನಾಗಲಿ ಬಣ್ಣವನ್ನಾಗಲಿ ಹೇಳಲಿಲ್ಲ. ಅದು ಯಾರ ಕೈಯಲ್ಲಿತ್ತು ಎಂಬುದನ್ನು ಹೇಳಿದನು. ಮರದ ಗೊಂಬೆಗಳನ್ನು ಅಚ್ಚಿನಲ್ಲಿ ಹಿಡಿಯ ಹೊರಡುವ ಕನ್ನಡದ ಕಲಾವಿದನು ಸೇಫೂವಿನಿಂದ ಗೆರೆಯನ್ನು ಕಲಿಯಲಿ. ಏನನ್ನು ಮರೆಯಬಾರದೆಂಬುದನ್ನು ಶೂದ್ರಕನಿಂದ ಕಲಿಯಲಿ. ಪೆಟ್ಟಿಗೆಯ ಬೀಗದ ಕೈ ಇನ್ನೂ ಯಾವ ಹಿರಿಯಳ ಸೆರಗಿನಲ್ಲಿದೆಯೋ, ಆಕೆ ಹೇಳಬಲ್ಲಷ್ಟು ದಿನಗಳ ಒಳಗೆ ಆ ಕೆಲಸ ಮೊದಲಾದರೆ ಲೇಸು.